ಸುವಾರ್ತೆ ಎಂದರೆ ಯಾವ ವಾರ್ತೆ?

ಪತ್ರಿಕಾ ಕಚೇರಿಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಕಲಿಸುವ ಪಾಠವೊಂದಿದೆ. ಸುದ್ದಿ ಬೇರೆ, ಉಪದೇಶ ಬೇರೆ. ಏನು ನಡೆಯಿತು ಎಂದು ತಿಳಿಸುವುದು ಸುದ್ದಿ. ಏನು ಮಾಡಬೇಕು ಎಂದು ಹೇಳುವುದು ಉಪದೇಶ. ಕ್ರೈಸ್ತ ಧರ್ಮದ ತಿರುಳನ್ನು ತಿಳಿಯಬಯಸುವವರಿಗೂ ಈ ಪಾಠ ಉಪಯೋಗಕ್ಕೆ ಬರುತ್ತದೆ. ಏಕೆಂದರೆ ಆ ತಿರುಳಿಗೆ ಕನ್ನಡದಲ್ಲಿ ಇಟ್ಟ ಹೆಸರೇ 'ಸುವಾರ್ತೆ', ಅಂದರೆ ಒಳ್ಳೆಯ ಸುದ್ದಿ.

ಸುದ್ದಿಗೂ ಸುವಾರ್ತೆಗೂ ಮಂಗಳೂರಿನಲ್ಲಿ ಹಳೆಯ ನಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ಸಂಸ್ಥೆ ಕಳುಹಿಸಿದ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಇಲ್ಲಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಅವರ ಸಂಸ್ಥೆ ಇಲ್ಲಿ ಕಲ್ಲಚ್ಚಿನ ಮುದ್ರಣ ಆರಂಭಿಸಿತು. 1843ರ ಜುಲೈ 1ರಂದು ಅದೇ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅದು ಕನ್ನಡದ ಮೊದಲ ಪತ್ರಿಕೆ. 1847ರಲ್ಲಿ ಬೈಬಲಿನ ಹೊಸ ಒಡಂಬಡಿಕೆ ತುಳುವಿನಲ್ಲಿ ಅಚ್ಚಾಯಿತು. ಊರಿನ ಸಮಾಚಾರವನ್ನೂ ಸುವಾರ್ತೆಯನ್ನೂ ಒಂದೇ ಸಂಸ್ಥೆ ಇಲ್ಲಿಯ ಜನರ ನುಡಿಯಲ್ಲಿ ಹಂಚುತ್ತಿತ್ತು.

ಬಾಸೆಲಿನವರಿಗಿಂತ ಬಹಳ ಹಿಂದೆಯೇ ಕರಾವಳಿಗೆ ಪೋರ್ಚುಗೀಸರ ಮೂಲಕ ಕ್ರೈಸ್ತ ಧರ್ಮ ಬಂದಿತ್ತು. ರೊಜಾರಿಯೋ ಇಗರ್ಜಿಯ ಮೂಲ 1568ರದು. ಕೊಂಕಣಿ ಕಥೋಲಿಕರು ಇದೇ ಸಂದೇಶವನ್ನು 'ವಾಂಜೆಲ್' ಎನ್ನುತ್ತಾರೆ. ಕನ್ನಡ ಕಥೋಲಿಕರ ಬೈಬಲಿನಲ್ಲಿ ಅದು 'ಶುಭಸಂದೇಶ'. ಪ್ರಾಟೆಸ್ಟಂಟರ ಬೈಬಲಿನಲ್ಲಿ 'ಸುವಾರ್ತೆ'. ಮೂಲ ಗ್ರೀಕ್ ಪದ 'ಯುವಾಂಗೆಲಿಯೋನ್'. ಯುದ್ಧ ಗೆದ್ದ ಸುದ್ದಿ, ಹೊಸ ಚಕ್ರವರ್ತಿ ಪಟ್ಟಕ್ಕೇರಿದ ಸುದ್ದಿಗಳನ್ನು ಊರೂರಿಗೆ ಸಾರುವಾಗ ರೋಮನ್ ಸಾಮ್ರಾಜ್ಯದ ಜನ ಈ ಪದವನ್ನು ಬಳಸುತ್ತಿದ್ದರು. ಬಡಗಿಯ ಮಗನೊಬ್ಬನ ಬಗ್ಗೆ ಯೇಸುವಿನ ಶಿಷ್ಯರು ಅದೇ ರಾಜಗಾಂಭೀರ್ಯದ ಪದವನ್ನು ಬಳಸಿದರು.

ಹಾಗಾದರೆ ಆ ಸುದ್ದಿ ಏನು? ಯೇಸು ಸತ್ತು ಸುಮಾರು ಕಾಲು ಶತಮಾನದ ನಂತರ ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಪೌಲನು ಅದನ್ನು ಬಹಳ ಚಿಕ್ಕದಾಗಿ ಹೇಳಿದ್ದಾನೆ. ಕ್ರಿಸ್ತನು ನಮ್ಮ ಪಾಪಗಳ ನಿಮಿತ್ತ ಸತ್ತನು, ಹೂಳಲ್ಪಟ್ಟನು, ಮೂರನೆಯ ದಿನ ಎದ್ದನು, ಹಲವರಿಗೆ ಕಾಣಿಸಿಕೊಂಡನು ಎಂಬುದು ಅದರ ಸಾರ. ಇದರಲ್ಲಿ 'ಹೀಗೆ ಮಾಡು' ಎಂಬ ಮಾತು ಒಂದೂ ಇಲ್ಲ. ಎಲ್ಲವೂ 'ಹೀಗೆ ನಡೆಯಿತು' ಎಂಬ ಮಾತುಗಳೇ. ಮನುಷ್ಯನು ದೇವರ ಬಳಿಗೆ ಹತ್ತಿ ಹೋಗಲಾರದೆ ನಿಂತಾಗ ದೇವರೇ ಇಳಿದು ಬಂದನು, ಮನುಷ್ಯನ ತಪ್ಪಿನ ಭಾರವನ್ನು ತಾನು ಹೊತ್ತನು, ಮರಣವನ್ನು ಗೆದ್ದನು ಎಂಬುದು ಕ್ರೈಸ್ತರ ನಂಬಿಕೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಹೇಳುತ್ತಿರುವುದೇನು ಎಂಬುದು ಮೊದಲು ತಿಳಿದಿರಬೇಕು.

ಪಾಪ ಎಂಬ ಪದ

ಇಲ್ಲಿ ಕನ್ನಡದ ಕಿವಿಗೆ ಮುಳ್ಳಾಗಿ ಚುಚ್ಚುವ ಪದ 'ಪಾಪ'. 'ನೀವೆಲ್ಲ ಪಾಪಿಗಳು' ಎಂದು ಯಾರಾದರೂ ಬಾಗಿಲಲ್ಲಿ ನಿಂತು ಹೇಳಿದರೆ ಯಾರಿಗೆ ತಾನೇ ಸಿಟ್ಟು ಬಾರದು? ನಾವು ಯಾರ ಮನೆ ಹಾಳುಮಾಡಿದ್ದೇವೆ ಎಂದು ಕೇಳುವುದು ಸಹಜ. ನಮ್ಮಲ್ಲಿ ಪಾಪವೆಂದರೆ ಪುಣ್ಯದ ಎದುರು ಬರೆದಿಡುವ ಲೆಕ್ಕ. ಸುವಾರ್ತೆಯಲ್ಲಿ ಅದರ ಅರ್ಥ ಕೊಂಚ ಬೇರೆ. ಮೂಲದ ಗ್ರೀಕ್ ಪದಕ್ಕೆ 'ಗುರಿ ತಪ್ಪುವುದು' ಎಂಬ ಅರ್ಥವಿದೆ. ತಪ್ಪು ಕೆಲಸಗಳಿಗಿಂತ ಹೆಚ್ಚಾಗಿ ಅದು ಕೆಟ್ಟುಹೋದ ಸಂಬಂಧವನ್ನು, ದೇವರಿಂದಲೂ ನೆರೆಯವರಿಂದಲೂ ದೂರವಾದ ಸ್ಥಿತಿಯನ್ನು ಸೂಚಿಸುತ್ತದೆ. ಕನ್ನಡದಲ್ಲಿ ಇನ್ನೊಂದು ಬಳಕೆಯೂ ಉಂಟು. ಮಗು ಎಡವಿ ಬಿದ್ದರೆ 'ಅಯ್ಯೋ, ಪಾಪ' ಎನ್ನುತ್ತೇವೆ. ತಪ್ಪನ್ನೂ ಕನಿಕರವನ್ನೂ ಒಂದೇ ಪದದಲ್ಲಿ ಹೇಳುವ ಈ ನುಡಿಗಟ್ಟು, ಭಾಷಾಂತರಕಾರರು ಬಯಸದೆಯೇ, ಸುವಾರ್ತೆಯ ಹತ್ತಿರಕ್ಕೆ ಬಂದುಬಿಟ್ಟಿದೆ.

ಹಿರಿಯ ಮಗನ ದೂರು

ಈ ಸಂದೇಶದ ಇನ್ನೊಂದು ಮುಖ್ಯ ಪದ 'ಕೃಪೆ'. ಇದು ಮಿಶನರಿಗಳು ಹುಟ್ಟಿಸಿದ ಪದವಲ್ಲ. ಭಕ್ತಿಪಂಥದ ಹಾಡುಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಹೊಸದೂ ಅಲ್ಲ. ಆದರೆ ಯೇಸು ಅದನ್ನು ವಿವರಿಸಿದ ಬಗೆ ಕೇಳುಗರನ್ನು ಬೆಚ್ಚಿಬೀಳಿಸುವಂಥದು.

ಮತ್ತಾಯನ ಸುವಾರ್ತೆಯಲ್ಲಿ ಒಬ್ಬ ತೋಟದ ಯಜಮಾನನ ಕಥೆ ಇದೆ. ಬೆಳಗ್ಗೆಯಿಂದ ದುಡಿದವನಿಗೂ ಸಂಜೆ ಒಂದೇ ತಾಸು ದುಡಿದವನಿಗೂ ಆತ ಸಮನಾದ ಕೂಲಿ ಕೊಡುತ್ತಾನೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆಯಲ್ಲಿ ಇಂಥ ಲೆಕ್ಕ ನಡೆಯುವಂತಿರಲಿಲ್ಲ. ಯಾವ ಕಾರ್ಖಾನೆಯಲ್ಲೂ ನಡೆಯದು. ಕೂಲಿಯ ಲೆಕ್ಕದಲ್ಲಿ ಇದು ಅನ್ಯಾಯವೇ. ಆದರೆ ದೇವರು ಕೊಡುವುದು ಕೂಲಿಯಲ್ಲ, ಕೊಡುಗೆ ಎಂಬುದು ಕಥೆಯ ಒಳದನಿ.

ಲೂಕನ ಸುವಾರ್ತೆಯ ಕಥೆ ಇನ್ನೂ ಪ್ರಸಿದ್ಧ. ಕಿರಿಯ ಮಗ ತಂದೆ ಬದುಕಿರುವಾಗಲೇ ಪಾಲು ಕೇಳಿ, ದೂರದೇಶಕ್ಕೆ ಹೋಗಿ, ಎಲ್ಲವನ್ನೂ ಹಾಳುಮಾಡಿ, ಹಂದಿ ಕಾಯುವ ಸ್ಥಿತಿಗೆ ಬರುತ್ತಾನೆ. ಮನೆಗೆ ಮರಳಿ ಆಳಾಗಿಯಾದರೂ ಇರೋಣ ಎಂದು ಹೊರಡುತ್ತಾನೆ. ದೂರದಲ್ಲಿ ಅವನನ್ನು ಕಂಡ ತಂದೆ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಮನೆಯ ಯಜಮಾನ ಬೀದಿಯಲ್ಲಿ ಓಡುವುದು ಅಂದಿನ ಸಮಾಜದಲ್ಲಿ ಗೌರವಕ್ಕೆ ಕುಂದು. ತಂದೆ ಆ ಅವಮಾನವನ್ನು ತಾನು ಹೊತ್ತುಕೊಳ್ಳುತ್ತಾನೆ. ಮಗನ ಕ್ಷಮಾಪಣೆಯ ಮಾತು ಮುಗಿಯುವ ಮೊದಲೇ ಹೊಸ ಬಟ್ಟೆ, ಉಂಗುರ, ಔತಣ ಎಲ್ಲಕ್ಕೂ ಅಪ್ಪಣೆಯಾಗುತ್ತದೆ.

ಹಿರಿಯ ಮಗನಿಗೆ ಕೋಪ. ಇಷ್ಟು ವರ್ಷ ಮೈಮುರಿದು ದುಡಿದೆ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂದು ಹೊರಗೇ ನಿಲ್ಲುತ್ತಾನೆ. ಪ್ರಾಮಾಣಿಕವಾಗಿ ಹೇಳುವುದಾದರೆ ನಮ್ಮಲ್ಲಿ ಹೆಚ್ಚಿನವರು ಅವನ ಪಕ್ಷವೇ.

ಒಳ್ಳೆಯ ಕೆಲಸ ಬೇಡವೇ?

ಎಲ್ಲವೂ ಪುಕ್ಕಟೆ ಎಂದಾದರೆ ಒಳ್ಳೆಯವನಾಗಿ ಬಾಳುವುದು ಏತಕ್ಕೆ ಎಂಬ ಪ್ರಶ್ನೆ ಏಳುತ್ತದೆ. ಯೂರೋಪಿನಲ್ಲಿ ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನ ಅನುಯಾಯಿಗಳಿಗೂ ಕಥೋಲಿಕ ಸಭೆಗೂ ಬಿರುಕು ಬಿದ್ದದ್ದು ಮುಖ್ಯವಾಗಿ ಈ ವಿಷಯದಲ್ಲೇ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಒಕ್ಕೂಟವೂ ಕಥೋಲಿಕ ಸಭೆಯೂ ಜಂಟಿ ಹೇಳಿಕೆಗೆ ಸಹಿ ಹಾಕಿದವು. ದೇವರು ಮನುಷ್ಯನನ್ನು ಸ್ವೀಕರಿಸುವುದು ಕೃಪೆಯಿಂದಲೇ, ಮನುಷ್ಯನ ಅರ್ಹತೆಯಿಂದಲ್ಲ. ಒಳ್ಳೆಯ ಕೆಲಸಗಳು ಆ ಸ್ವೀಕಾರದಿಂದ ಹುಟ್ಟುವ ಫಲ ಎಂಬುದು ಅದರ ತಾತ್ಪರ್ಯ. ಮನೆಗೆ ಮರಳಿದ ಮಗ ಮರುದಿನ ಹೊಲಕ್ಕೆ ಹೋಗಿರಬಹುದು. ಆದರೆ ಅದು ಮಗನಾಗಿ, ಕೂಲಿಯವನಾಗಿ ಅಲ್ಲ.

ಈ ತಿಳಿವಳಿಕೆ ನಮ್ಮ ಊರಿಗೆ ಬೇಕಾದದ್ದು ಏಕೆಂದರೆ, ಸುವಾರ್ತೆ ಎಂಬ ಪದ ಇಲ್ಲಿ ಹಲವು ಬಾರಿ ಜಗಳದ ನಡುವೆಯೇ ಕೇಳಿಬಂದಿದೆ. 1844ರಲ್ಲಿ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರು ಕಲಕಿಹೋಗಿತ್ತು. ಮತಾಂತರಗೊಂಡು ಜಾತಿಯ ಕಸುಬು ಕಳೆದುಕೊಂಡವರಿಗೆ ಮಿಶನ್ ನೇಯ್ಗೆಯ, ಹಂಚಿನ ಕೆಲಸ ಕೊಟ್ಟಾಗ, ಅದು ಆಸರೆಯೋ ಆಮಿಷವೋ ಎಂಬ ವಾದವೆದ್ದಿತು. 2008ರ ಸೆಪ್ಟೆಂಬರ್ 14ರಂದು ಮತಾಂತರದ ಆರೋಪ ಹೊರಿಸಿ ಮಿಲಾಗ್ರಿಸ್ ಬಳಿಯ ಅಡೊರೇಶನ್ ಮೊನಾಸ್ಟರಿಯೂ ಸೇರಿದಂತೆ ಹಲವು ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. ಆ ದಿನದ ಭಯ ಅನೇಕ ಮನೆಗಳಲ್ಲಿ ಇನ್ನೂ ಆರಿಲ್ಲ.

ಇಂಥ ವಾದಗಳಿಗೆ ಸುವಾರ್ತೆಯೊಳಗೇ ಒಂದು ಅಳತೆಗೋಲು ಇದೆ. ಕೃಪೆಗೆ ಬೆಲೆಯಿಲ್ಲ ಎಂದ ಮೇಲೆ, ಹಣವೋ ಕೆಲಸವೋ ತೋರಿಸಿ ನಂಬಿಕೆಯನ್ನು ಕೊಳ್ಳಲು ಹೊರಟವನು ತಾನು ಸಾರುವ ಸುದ್ದಿಯನ್ನೇ ಸುಳ್ಳಾಗಿಸುತ್ತಾನೆ. ಬಲವಂತಕ್ಕೂ ಇದೇ ಮಾತು. ಗೋವೆಯಲ್ಲಿ 1560ರಲ್ಲಿ ಆರಂಭವಾದ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆ ನಡೆದದ್ದು ಸಭೆಯ ಹೆಸರಿನಲ್ಲೇ. ಅದರ ಕಾಟ, ಬರಗಾಲ, ಯುದ್ಧಗಳಿಂದ ತಪ್ಪಿಸಿಕೊಂಡು ಕೆನರಾಕ್ಕೆ ಬಂದವರಲ್ಲಿ ಇಲ್ಲಿಯ ಕೊಂಕಣಿ ಕಥೋಲಿಕರ ಪೂರ್ವಜರೂ ಇದ್ದರು. ಬಂದ ಸುದ್ದಿಯನ್ನು ಕೇಳುವ, ನಂಬುವ, ಇಲ್ಲವೆ ನಯವಾಗಿ ಬೇಡವೆನ್ನುವ ಸ್ವಾತಂತ್ರ್ಯ ಕೇಳುಗನಿಗೆ ಇರಬೇಕು. ತಂದೆ ಕಿರಿಯ ಮಗನನ್ನು ಎಳೆದು ತರಲು ಆಳುಗಳನ್ನು ಕಳುಹಿಸಲಿಲ್ಲ.

ಲೂಕನ ಕಥೆಯ ಕೊನೆಯಲ್ಲಿ ಆ ತಂದೆ ಎರಡನೆಯ ಬಾರಿ ಮನೆಯಿಂದ ಹೊರಗೆ ಬರುತ್ತಾನೆ, ಈ ಸಲ ಹಿರಿಯ ಮಗನಿಗಾಗಿ. ನನ್ನದೆಲ್ಲ ನಿನ್ನದೇ, ಒಳಗೆ ಬಾ ಎಂದು ಬೇಡಿಕೊಳ್ಳುತ್ತಾನೆ. ಹಿರಿಯ ಮಗ ಒಳಗೆ ಹೋದನೇ? ಲೂಕನು ಹೇಳುವುದಿಲ್ಲ. ಒಳಗೆ ಔತಣ ನಡೆದಿದೆ, ಅಂಗಳದಲ್ಲಿ ತಂದೆ ಮಗ ನಿಂತಿದ್ದಾರೆ. ಕಥೆ ಅಲ್ಲಿಗೇ ನಿಲ್ಲುತ್ತದೆ.