ಕ್ರೈಸ್ತ ಸೇವೆಯಲ್ಲಿ ವರಗಳ ವಿನಿಯೋಗ

ಕ್ರೈಸ್ತ ಸೇವೆಯಲ್ಲಿ ವರಗಳ ವಿನಿಯೋಗ ಎಂದರೆ ಪ್ರತಿಯೊಬ್ಬ ವಿಶ್ವಾಸಿಯೂ ತನಗೆ ದೇವರಿಂದ ದೊರೆತಿದೆಯೆಂದು ನಂಬುವ ಸಾಮರ್ಥ್ಯವನ್ನು ಸಭೆಯ ಹಾಗೂ ನೆರೆಯವರ ಹಿತಕ್ಕಾಗಿ ಬಳಸುವುದು. ಸೇವೆಯು ಪ್ರಸಂಗ ಮಾಡುವ ಗುರುಗಳಿಗೆ ಅಥವಾ ಸಭಾಪಾಲಕರಿಗೆ ಮಾತ್ರ ಸೇರಿದ್ದಲ್ಲ. ಕಲಿಸುವವರು, ರೋಗಿಗಳನ್ನು ನೋಡಿಕೊಳ್ಳುವವರು, ಕುಶಲಕರ್ಮಿಗಳು, ದಾನ ಮಾಡುವವರು ಎಲ್ಲರೂ ಅದರಲ್ಲಿ ಸಮಾನ ಪಾಲುದಾರರು ಎಂಬುದು ಈ ತತ್ತ್ವದ ತಿರುಳು. ಕರ್ನಾಟಕದ ಕರಾವಳಿಯ ಕ್ರೈಸ್ತ ಇತಿಹಾಸದಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನಗಳು ದೊರೆಯುತ್ತವೆ.

ಬೈಬಲ್ಲಿನ ಆಧಾರ

ಹೊಸ ಒಡಂಬಡಿಕೆಯಲ್ಲಿ ವರಗಳ ಪ್ರಸ್ತಾಪವು ಮುಖ್ಯವಾಗಿ ನಾಲ್ಕು ಕಡೆ ಬರುತ್ತದೆ: ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯ, ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯ ಮತ್ತು ಪೇತ್ರನ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯ. ರೋಮಾಪುರದವರಿಗೆ ಬರೆದ ಪತ್ರಿಕೆಯು ಪ್ರವಾದನೆ, ಸೇವೆ, ಬೋಧನೆ, ಪ್ರೋತ್ಸಾಹನೆ, ದಾನ, ನಾಯಕತ್ವ ಮತ್ತು ಕರುಣೆ ಎಂಬ ಏಳನ್ನು ಹೆಸರಿಸುತ್ತದೆ. ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಸಭೆಯನ್ನು ಒಂದು ದೇಹಕ್ಕೆ ಹೋಲಿಸಿ, ಕಣ್ಣು, ಕೈ, ಕಾಲುಗಳಲ್ಲಿ ಯಾವುದೂ ಮತ್ತೊಂದನ್ನು ಬೇಡವೆನ್ನಲಾರದು ಎಂದು ವಾದಿಸುತ್ತಾನೆ.

ಕೈಕುಶಲವೂ ದೈವದತ್ತವೆಂಬ ಭಾವನೆ ಇದಕ್ಕಿಂತ ಹಳೆಯದು. ವಿಮೋಚನಕಾಂಡದ 31ನೆಯ ಅಧ್ಯಾಯದಲ್ಲಿ ಲೋಹ, ಕಲ್ಲು ಮತ್ತು ಮರದ ಕೆಲಸದ ಜಾಣ್ಮೆಯು ಬೆಚಲೇಲನಿಗೆ ದೇವರಾತ್ಮನಿಂದ ಬಂತೆಂದು ಹೇಳಲಾಗಿದೆ.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ತಲಾಂತುಗಳ ಸಾಮ್ಯವನ್ನೂ ಈ ಸಂದರ್ಭದಲ್ಲಿ ಉದಾಹರಿಸುವುದುಂಟು. ತಲಾಂತು ಮೂಲತಃ ಒಂದು ತೂಕ ಹಾಗೂ ಹಣದ ಅಳತೆ. ಇಂಗ್ಲಿಷಿನ ಟ್ಯಾಲೆಂಟ್ ಎಂಬ ಪದಕ್ಕೆ ಪ್ರತಿಭೆ ಎಂಬ ಅರ್ಥ ಬಂದುದು ಈ ಕಥೆಯ ಪ್ರಭಾವದಿಂದ. ಒಡೆಯನು ಕೊಟ್ಟ ಹಣವನ್ನು ಹೂತಿಟ್ಟ ಸೇವಕನು ಅದನ್ನು ಕಳೆದವನಲ್ಲ, ಕದ್ದವನೂ ಅಲ್ಲ. ಬಳಸದೆ ಇಟ್ಟುದೇ ಅವನ ತಪ್ಪು.

ಕರಾವಳಿಯ ನಿದರ್ಶನಗಳು

ಸ್ವಿಟ್ಜರ್ಲೆಂಡಿನಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಸುವಾರ್ತಾ ಪ್ರಸಾರ ಅವರ ಉದ್ದೇಶವಾಗಿತ್ತು. ಆದರೆ ಮತಾಂತರಗೊಂಡವರು ಜಾತಿಯಿಂದ ಹೊರಗಾಗಿ ಕುಲಕಸುಬನ್ನೂ ಮನೆತನದ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದುದರಿಂದ, ಅವರಿಗೆ ಜೀವನೋಪಾಯ ಕಲ್ಪಿಸುವ ಹೊಣೆ ಮಿಷನ್ನಿನ ಮೇಲೆ ಬಿತ್ತು. ಪ್ರಸಂಗದಿಂದ ಮಾತ್ರ ನೀಗದ ಈ ಕೊರತೆಯನ್ನು ಬೇರೆ ಬೇರೆ ಕೌಶಲವುಳ್ಳವರು ತುಂಬಬೇಕಾಯಿತು. 1851ರಲ್ಲಿ ಬಂದ ನೇಕಾರ ಜಾನ್ ಹಾಲರ್ ಬಲ್ಮಠದಲ್ಲಿ ನೇಯ್ಗೆಯನ್ನು ಬೆಳೆಸಿದರು. ಖಾಕಿ ಬಣ್ಣದ ಬಟ್ಟೆಯ ತಯಾರಿಕೆಯನ್ನು ಅವರ ಹೆಸರಿನೊಂದಿಗೆ ಜೋಡಿಸಲಾಗುತ್ತದೆ. ಮಿಷನ್ನಿನ ಮುದ್ರಣಾಲಯದಲ್ಲಿ ದುಡಿದಿದ್ದ ಜಾರ್ಜ್ ಪ್ಲೆಬ್ಸ್ಟ್ ಸ್ಥಳೀಯ ಜೇಡಿಮಣ್ಣನ್ನು ಬಳಸಿ 1865ರಲ್ಲಿ ಮಂಗಳೂರು ಹಂಚಿನ ತಯಾರಿಕೆಯನ್ನು ಆರಂಭಿಸಿದರು. ಮುಂದೆ ಹಂಚಿನ ಉದ್ಯಮವು ಕುಂದಾಪುರ, ಬ್ರಹ್ಮಾವರಗಳವರೆಗೂ ಹಬ್ಬಿ, ಎಲ್ಲ ಮತದವರಿಗೂ ಉದ್ಯೋಗ ನೀಡಿತು.

ಭಾಷೆಯ ವರವುಳ್ಳವರೂ ಇದ್ದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು ಹೊರತಂದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹಲವು ದಶಕಗಳ ಪರಿಶ್ರಮದ ಬಳಿಕ 1894ರಲ್ಲಿ ಪ್ರಕಟವಾಯಿತು. ಸುಮಾರು 70,000 ಪದಗಳುಳ್ಳ ಈ ಕೃತಿಯು ಧರ್ಮಗ್ರಂಥವಲ್ಲ. ಆದರೂ ಕಿಟೆಲ್ಲರ ಸೇವೆಯಲ್ಲಿ ಅತ್ಯಂತ ದೀರ್ಘಕಾಲ ಉಳಿದುದು ಅದೇ. ಉಡುಪಿಯಲ್ಲಿ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಮಿಷನ್ ಆಸ್ಪತ್ರೆಯನ್ನು ಆರಂಭಿಸಿದರು. ಅದು ಇಂದು ಲೊಂಬಾರ್ಡ್ ಸ್ಮಾರಕ ಆಸ್ಪತ್ರೆಯೆಂದು ಪ್ರಸಿದ್ಧವಾಗಿದೆ.

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ

ಕುಂದಾಪುರದ ಹೋಲಿ ರೋಸರಿ ಚರ್ಚಿನ ಸ್ಥಾಪನೆಯನ್ನು 1570ಕ್ಕೆ ಗುರುತಿಸಲಾಗುತ್ತದೆ. ಗೋವೆಯ ಸಂತ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕೆನರಾ ಪ್ರದೇಶದಲ್ಲಿ ಸೇವೆ ಸಲ್ಲಿಸಿದಾಗ ಕುಂದಾಪುರ ಸೀಮೆಯಲ್ಲಿಯೂ ಇದ್ದರು. ಅನಂತರ ಶ್ರೀಲಂಕಾಕ್ಕೆ ತೆರಳಿದ ಅವರು ತಮಿಳು ಮತ್ತು ಸಿಂಹಳ ಭಾಷೆಗಳನ್ನು ಕಲಿತರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ರೋಗಿಗಳ ಶುಶ್ರೂಷೆ ಮಾಡಿದರು. 2015ರಲ್ಲಿ ಅವರಿಗೆ ಸಂತ ಪದವಿ ಘೋಷಿತವಾಯಿತು.

ಬ್ರಹ್ಮಾವರದ ಆರ್ಥೊಡಾಕ್ಸ್ ಸಮುದಾಯವು 19ನೆಯ ಶತಮಾನದ ಕೊನೆಯಲ್ಲಿ ಅಲ್ವಾರಿಸ್ ಮಾರ್ ಜೂಲಿಯಸ್ ಹಾಗೂ ಫಾದರ್ ರೋಕ್ ಝೆಫ್ರಿನ್ ನೊರೊನ್ಹಾ ಅವರ ನೇತೃತ್ವದಲ್ಲಿ ರೂಪುಗೊಂಡಿತು. ನೊರೊನ್ಹಾ ಅವರು ಸಭಾಕಾರ್ಯದೊಂದಿಗೆ ಶಿಕ್ಷಣಕ್ಕೂ ಗಮನ ಕೊಟ್ಟರು. ಬ್ರಹ್ಮಾವರದ ಎಸ್.ಎಂ.ಎಸ್. ವಿದ್ಯಾಸಂಸ್ಥೆಗಳು ಇದೇ ಸಮುದಾಯದವು.

ಈ ಮೂರು ತಾಲೂಕುಗಳ ಕಥೋಲಿಕ ಧರ್ಮಕೇಂದ್ರಗಳು 2012ರಲ್ಲಿ ರಚನೆಯಾದ ಉಡುಪಿ ಧರ್ಮಪ್ರಾಂತ್ಯಕ್ಕೆ ಸೇರಿವೆ. ಇಲ್ಲಿ ವಾಳೆಯ ಜವಾಬ್ದಾರಿ ಹೊತ್ತ ಗುರ್ಕಾರರು, ಧರ್ಮೋಪದೇಶ ಕಲಿಸುವವರು, ಗಾಯನ ಮಂಡಳಿಯವರು, ರೋಗಿಗಳನ್ನು ಸಂದರ್ಶಿಸುವವರು, ಕ್ರಿಸ್ಮಸ್ ಸಮಯದಲ್ಲಿ ಗೋದಲಿ ಕಟ್ಟುವ ಯುವಕರು ತಮ್ಮ ತಮ್ಮ ವರದಂತೆ ಸೇವೆ ಸಲ್ಲಿಸುತ್ತಾರೆ. ವರಗಳು ಎಲ್ಲ ಶ್ರೇಣಿಯ ವಿಶ್ವಾಸಿಗಳಿಗೂ ದೊರೆಯುತ್ತವೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಸ್ಪಷ್ಟಪಡಿಸಿತು.

ವರವನ್ನು ಗುರುತಿಸುವುದು

ವರವನ್ನು ಗುರುತಿಸಲು ಸಾಮಾನ್ಯವಾಗಿ ಮೂರು ಅಂಶಗಳನ್ನು ಪರಿಗಣಿಸಲಾಗುತ್ತದೆ: ವ್ಯಕ್ತಿಯ ಒಲವು ಮತ್ತು ಸಾಮರ್ಥ್ಯ, ಸಭೆಯ ಇತರರು ಅದನ್ನು ಕಂಡು ಒಪ್ಪುವುದು, ಎದುರಿಗಿರುವ ಅಗತ್ಯ. ಮೂರನೆಯದನ್ನು ಮರೆತರೆ ವರವು ಪ್ರದರ್ಶನವಾಗುವ ಅಪಾಯವಿದೆ. ಪೌಲನು ವರಗಳ ಕುರಿತ ಅಧ್ಯಾಯದ ಬೆನ್ನಿಗೇ, 13ನೆಯ ಅಧ್ಯಾಯದಲ್ಲಿ, ಪ್ರೀತಿಯಿಲ್ಲದ ವರವು ವ್ಯರ್ಥವೆಂದು ಹೇಳಿರುವುದು ಇದೇ ಕಾರಣದಿಂದ.

ಮತ್ತೊಂದು ತೊಡಕು ವೇದಿಕೆಯಲ್ಲಿ ಕಾಣುವ ವರಗಳಿಗೆ ಹೆಚ್ಚಿನ ಮನ್ನಣೆ ದೊರೆತು, ಅಡುಗೆ, ಲೆಕ್ಕಪತ್ರ, ವೃದ್ಧರ ಆರೈಕೆಯಂತಹ ಕೆಲಸಗಳು ಸೇವೆಯೆಂದೇ ಎಣಿಸಲ್ಪಡದಿರುವುದು. ಮಗ್ಗ, ಹಂಚು, ಅಚ್ಚುಮೊಳೆ ಮತ್ತು ನಿಘಂಟುಗಳ ಮೂಲಕ ನಡೆದ ಕರಾವಳಿಯ ಸೇವೆಯು ಈ ಎಣಿಕೆ ಸರಿಯಲ್ಲವೆಂಬುದನ್ನು ತೋರಿಸುತ್ತದೆ.