ಮನೆಯ ಮುಂದಣ ಮೋರಿ

ಬೆಂಗಳೂರು ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ನೆಲೆಗೊಂಡಿರುವುದರಿಂದ ಹೊರಗಣ ಯಾವ ಮಹಾನದಿಯೂ ಅದರೊಳಕ್ಕೆ ಹರಿದುಬರುವುದಿಲ್ಲ. ಅಲ್ಲಿ ಸುರಿದ ಮಳೆಯೇ ಅಲ್ಲಿಂದ ಹೊಳೆಯಾಗಿ ಹೊರಡುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟುವುದೆಂದು ಜನರು ನಂಬಿರುವ ವೃಷಭಾವತಿಯು ಅರ್ಕಾವತಿಯನ್ನು ಕೂಡಿಕೊಂಡರೆ, ಅರ್ಕಾವತಿಯು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಪೂರ್ವದ ಇಳಿಜಾರಿನ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮಾರ್ಗವಾಗಿ ದಕ್ಷಿಣ ಪಿನಾಕಿನಿಗೆ ಸಲ್ಲುತ್ತದೆ. ಆದಕಾರಣ ಇಲ್ಲಿನ ಗೃಹಸ್ಥನ ಮನೆಯ ಮುಂದಣ ಮೋರಿಯು ನದಿಯ ಮೊದಲ ಮಜಲೆಂಬುದು ಅಲಂಕಾರದ ಮಾತಲ್ಲ, ಭೂಗೋಳದ ಸಂಗತಿ.

ಶೌಚಾಲಯದ ನೀರು ಒಳಚರಂಡಿಯಲ್ಲಿ ಹರಿದು ಶುದ್ಧೀಕರಣ ಘಟಕಕ್ಕೆ ಹೋಗತಕ್ಕದ್ದು. ಮಳೆಯ ನೀರಿಗಾದರೋ ಅಂತಹ ಸಂಸ್ಕಾರವೇ ಇಲ್ಲ. ಮೋರಿಯಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಕೆರೆಗೆ, ಕೆರೆಯ ಕೋಡಿಯಿಂದ ಹೊಳೆಗೆ ಅದು ನೇರವಾಗಿ ಇಳಿಯುತ್ತದೆ. ಬೇಸಗೆಯುದ್ದಕ್ಕೂ ಬೀದಿಯಲ್ಲಿ ಸಂಚಿತವಾದ ಎಂಜಿನ್ ಎಣ್ಣೆ, ಟೈರು ಸವೆದುದುರಿದ ಪುಡಿ, ನಾಯಿಯ ಮಲ, ಸಗಣಿ, ಪ್ಲಾಸ್ಟಿಕ್ಕಿನ ಚೂರು, ಇವೆಲ್ಲವನ್ನೂ ಮುಂಗಾರಿನ ಮೊದಲ ಬಿರುಮಳೆಯು ಒಮ್ಮೆಗೇ ಕೊಚ್ಚಿಕೊಂಡು ಹೋಗುವುದರಿಂದ, ವರ್ಷದ ಮೊದಲ ಹೊನಲೇ ಬಹುಮಟ್ಟಿಗೆ ಅತ್ಯಂತ ಕಲುಷಿತವಾದುದು. ಬಟ್ಟೆ ಒಗೆಯುವ ಕೆಲವು ಮಾರ್ಜಕಗಳಲ್ಲಿಯೂ ಗೊಬ್ಬರದಲ್ಲಿಯೂ ಇರುವ ರಂಜಕವು ಕೆರೆ ಸೇರಿದರೆ ಪಾಚಿಯೂ ಅಂತರಗಂಗೆಯೂ ಕೊಬ್ಬಿ ಬೆಳೆಯುತ್ತವೆ. ಅವು ಕೊಳೆಯುವಾಗ ನೀರಿನೊಳಗಣ ಆಮ್ಲಜನಕವು ಕ್ಷಯಿಸಿ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಈ ಕೆರೆಗಳ ದುರವಸ್ಥೆಗೆ ಶುದ್ಧಿಗೊಳ್ಳದ ಚರಂಡಿನೀರೇ ಪ್ರಧಾನ ಕಾರಣವೆಂಬುದು ನಿಜವಾದರೂ, ಅದರಿಂದ ಬೀದಿಯ ಪಾಲು ಇಲ್ಲವಾಗುವುದಿಲ್ಲ. ಚರಂಡಿನೀರು ಪ್ರತಿದಿನವೂ ಕೊಳವೆಯ ಬಾಯಿಗೆ ಬರುವುದರಿಂದ ಅದನ್ನು ತಡೆದು ಶೋಧಿಸಬಹುದು. ಮಳೆನೀರು ಸಹಸ್ರ ದ್ವಾರಗಳಿಂದ ಏಕಕಾಲಕ್ಕೆ ನುಗ್ಗುವುದರಿಂದ, ಅದರ ಶುದ್ಧಿಯು ಮಳೆಗೆ ಮುನ್ನವೇ, ನೆಲದ ಮೇಲೆಯೇ ನಡೆಯಬೇಕು.

ಇದಕ್ಕೆ ಬೇಕಾದ ಅಭ್ಯಾಸಗಳು ಕಷ್ಟಸಾಧ್ಯವಾದುವಲ್ಲ. ಅಂಗಳದ ಕಸವನ್ನು ನೀರು ಹೊಯ್ದು ಮೋರಿಗೆ ನೂಕದೆ ಪೊರಕೆಯಿಂದ ಗುಡಿಸಿ ತೆಗೆಯುವುದು. ವಾಹನವನ್ನು ಬೀದಿಯಲ್ಲಿ ತೊಳೆಯದೆ, ಒದ್ದೆಬಟ್ಟೆಯಿಂದ ಒರೆಸುವುದು. ಹಳೆಯ ಎಂಜಿನ್ ಎಣ್ಣೆಯನ್ನು ಮೋರಿಗೆ ಸುರಿಯದೆ ಗ್ಯಾರೇಜಿಗೊಪ್ಪಿಸುವುದು. ಬಣ್ಣದ ಕುಂಚವನ್ನು ಮೋರಿಯ ಬಳಿ ತೊಳೆಯದಿರುವುದು. ಮೋಡ ಕವಿದಿರುವಾಗ ತೋಟಕ್ಕೆ ಗೊಬ್ಬರ ಹಾಕದಿರುವುದು. ಸಾಕುನಾಯಿಯ ಮಲವನ್ನು ಒಡೆಯನೇ ಎತ್ತುವುದು. ಮನೆಯ ಬಚ್ಚಲ ಕೊಳವೆಯು ಒಳಚರಂಡಿಗಲ್ಲದೆ ಮಳೆಮೋರಿಗೆ ಸೇರಿದ್ದರೆ ಅದನ್ನು ಸರಿಪಡಿಸುವುದು ಇವೆಲ್ಲಕ್ಕಿಂತ ಮುಖ್ಯವಾದ ಕೆಲಸ.

ನೀರನ್ನು ಮೋರಿಗೆ ಬಿಡದೆ ನೆಲಕ್ಕೆ ಉಣಿಸುವುದು ಮತ್ತೂ ಉತ್ತಮ. 30 ಅಡಿಗೆ 40 ಅಡಿಯ ನಿವೇಶನದ ಮೇಲೆ 1 ಸೆಂಟಿಮೀಟರು ಮಳೆ ಸುರಿದರೆ 1100 ಲೀಟರಿಗೂ ಮಿಗಿಲಾದ ನೀರಾಗುತ್ತದೆ. ಅಂಗಳವನ್ನೆಲ್ಲ ಸಿಮೆಂಟಿನಿಂದ ಮುಚ್ಚಿದಲ್ಲಿ ಅದಷ್ಟೂ ಬೀದಿಯ ಕೊಳೆಯನ್ನೆತ್ತಿಕೊಂಡು ಓಡುತ್ತದೆ. ಒಂದಿಷ್ಟು ಮಣ್ಣನ್ನು ತೆರೆದಿಟ್ಟು ಇಂಗುಗುಂಡಿಯನ್ನು ತೋಡಿಸಿದಲ್ಲಿ ಬಹುಭಾಗ ಅಂತರ್ಜಲವಾಗುತ್ತದೆ. ನಿಗದಿತ ಅಳತೆಗೆ ಮೀರಿದ ನಿವೇಶನಗಳಿಗೆ ಮಳೆನೀರಿನ ಕೊಯ್ಲನ್ನು ಬೆಂಗಳೂರಿನಲ್ಲಿ 2009ರ ಕಾನೂನು ಕಡ್ಡಾಯಗೊಳಿಸಿತು. ಆದರೆ ಕಾನೂನು ಗುಂಡಿಯನ್ನು ತೋಡಿಸಬಲ್ಲುದೇ ಹೊರತು, ವರ್ಷವರ್ಷವೂ ಮುಂಗಾರಿಗೆ ಮುನ್ನ ಅದರ ಹೂಳೆತ್ತಿಸುವ ಹೊಣೆ ಮನೆಯವರದೇ.