ಹಿತ್ತಲ ಬಾಗಿಲ ಅಗುಳಿ

ಧಾರವಾಡದಿಂದ ಸವದತ್ತಿಯ ದಾರಿ ಹಿಡಿದವರಿಗೆ ಹತ್ತು ಹನ್ನೆರಡು ಕಿಲೋಮೀಟರಿನೊಳಗೆ ಸಿಗುವ ಊರು ಅಮ್ಮಿನಬಾವಿ. ಹೆಸರಿನಲ್ಲಿಯೇ ಬಾವಿಯನ್ನು ಹೊತ್ತ ಈ ಊರಿಗೂ ನೀರಿಗೂ ಇರುವ ನಂಟು ಇಂದಿಗೂ ಬಿಟ್ಟಿಲ್ಲ. ನವಿಲುತೀರ್ಥದ ಬಳಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದಿಂದ ಎತ್ತಿ ತಂದ ನೀರು ಅಮ್ಮಿನಬಾವಿಯ ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ, ಅಲ್ಲಿಂದ ಧಾರವಾಡ, ಹುಬ್ಬಳ್ಳಿಗಳಿಗೆ ಹರಿಯುತ್ತದೆ. ಆ ಊರಿನವನಾದ ನನಗೆ ಇಂಟರ್‌ನೆಟ್ಟಿನ ವಿಷಯವನ್ನು ಯಾರಿಗಾದರೂ ವಿವರಿಸಬೇಕಾಗಿ ಬಂದಾಗಲೆಲ್ಲ ಮೊದಲು ನೆನಪಾಗುವುದು ಈ ಕೊಳವೆಗಳು, ಮತ್ತು ಉದ್ದನೆಯ ಕಬ್ಬಿಣದ ಚಾವಿ ಹಿಡಿದು ಓಣಿ ಓಣಿ ತಿರುಗುವ, ನಮ್ಮ ಕಡೆ 'ನೀರು ಬಿಡುವವ' ಎಂದು ಕರೆಯಲಾಗುವ ಮನುಷ್ಯ.

ನೀರಿಗೆ ತಾನು ಯಾವ ಮನೆಗೆ ಹೋಗಬೇಕೆಂಬುದು ತಿಳಿಯದು. ಚಾವಿ ತಿರುಗಿದ ಕಡೆಗೆ ಅದು ಹರಿಯುತ್ತದೆ. ಆ ಚಾವಿ ಹಿಡಿದ ಕೈ ತಪ್ಪಿದರೆ ಒಂದು ಓಣಿಯಲ್ಲಿ ಕೊಡಗಳು ಬರಿದಾಗಿಯೇ ಉಳಿಯುತ್ತವೆ, ಇನ್ನೊಂದರಲ್ಲಿ ಗಟಾರು ತುಂಬಿ ಹರಿಯುತ್ತದೆ. ಇಂಟರ್‌ನೆಟ್ಟಿನಲ್ಲಿ ಈ ಕೆಲಸವನ್ನು ಮಾಡುವ ಯಂತ್ರಕ್ಕೆ ರೂಟರ್ ಎಂದು ಹೆಸರು. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಲೇಸು. ನೀರಿನ ಒಂದು ಹನಿಗೂ ಇನ್ನೊಂದು ಹನಿಗೂ ಭೇದವಿಲ್ಲ. ಇಂಟರ್‌ನೆಟ್ಟಿನಲ್ಲಿ ಸಾಗುವ ಪ್ರತಿಯೊಂದು ತುಣುಕಿನ ಮೇಲೂ ಅಂಚೆಯ ಲಕೋಟೆಯ ಮೇಲಿರುವಂತೆ ಒಂದು ವಿಳಾಸವಿರುತ್ತದೆ. ರೂಟರು ಆ ವಿಳಾಸವನ್ನು ಓದಿ, ತನ್ನಲ್ಲಿರುವ ಪಟ್ಟಿಯನ್ನು ನೋಡಿ, ಮುಂದಿನ ನಿಲ್ದಾಣ ಯಾವುದೆಂದು ನಿರ್ಣಯಿಸಿ ಕಳಿಸಿಬಿಡುತ್ತದೆ. ಅದರಾಚೆ ಏನಾಯಿತೆಂಬುದನ್ನು ಅದು ವಿಚಾರಿಸುವುದಿಲ್ಲ.

ಆ ಪಟ್ಟಿ ಅದಕ್ಕೆ ಎಲ್ಲಿಂದ ಬಂತು? ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ. ಇಡೀ ಜಗತ್ತಿನ ಇಂಟರ್‌ನೆಟ್ಟಿನ ನಕ್ಷೆಯನ್ನು ಬರೆದಿಟ್ಟುಕೊಂಡ ಒಂದು ಕಚೇರಿಯೂ ಎಲ್ಲಿಯೂ ಇಲ್ಲ. ದೊಡ್ಡ ದೊಡ್ಡ ಜಾಲಗಳ ರೂಟರುಗಳು ತಮ್ಮ ನೆರೆಹೊರೆಯ ರೂಟರುಗಳಿಗೆ 'ಇಂಥಿಂಥ ವಿಳಾಸಗಳಿಗೆ ನನ್ನ ಮೂಲಕ ದಾರಿಯಿದೆ' ಎಂದು ಸಾರುತ್ತವೆ. ಕೇಳಿದವು ಅದನ್ನು ನಂಬಿ ಮುಂದಿನವಕ್ಕೆ ಸಾರುತ್ತವೆ. ಹೀಗೆ ಸಾರುವ ಭಾಷೆಗೆ ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್, ಸಂಕ್ಷೇಪವಾಗಿ ಬಿಜಿಪಿ, ಎಂದು ಹೆಸರು. ೧೯೮೯ರಲ್ಲಿ ಅಮೇರಿಕೆಯಲ್ಲಿ ನಡೆದ ಒಂದು ಸಭೆಯ ನಡುವೆ, ಊಟದ ಮೇಜಿನಲ್ಲಿ ಕುಳಿತು, ಸಿಸ್ಕೋ ಕಂಪನಿಯ ಕರ್ಕ್ ಲೌಹೀಡ್ ಮತ್ತು ಐಬಿಎಮ್ಮಿನ ಯಾಕೋವ್ ರೆಖ್ಟರ್ ಎಂಬಿಬ್ಬರು ಕೈ ಒರೆಸುವ ಕಾಗದದ ಮೇಲೆ ಇದರ ರೂಪರೇಷೆಯನ್ನು ಗೀಚಿದರೆಂಬುದು ಈಗ ಪ್ರಸಿದ್ಧವಾದ ಸಂಗತಿ. ಅಂದಿನ ಜಾಲ ಒಂದು ಅಗ್ರಹಾರದಷ್ಟು ಚಿಕ್ಕದು. ಎಲ್ಲರಿಗೂ ಎಲ್ಲರ ಪರಿಚಯವಿತ್ತು. ಹೇಳಿದವನು ಸುಳ್ಳು ಹೇಳಬಹುದೆಂಬ ಶಂಕೆ ಆ ಕಾಗದದ ಮೇಲೆ ಮೂಡಲಿಲ್ಲ.

ಸುಳ್ಳಿನ ಮಾತಿರಲಿ, ಬರಿಯ ಕೈತಪ್ಪು ಎಂಥ ಅನರ್ಥ ಮಾಡಬಲ್ಲದೆಂಬುದಕ್ಕೆ ೨೦೦೯ರ ಫೆಬ್ರುವರಿ ೧೬ರ ಘಟನೆಯೊಂದನ್ನು ಹೇಳಬೇಕು. ಚೆಕ್ ದೇಶದ ಒಂದು ಚಿಕ್ಕ ಸಂಸ್ಥೆ. ಅದರ ಜಾಲದ ಸಂಖ್ಯೆ ೪೭೮೬೮. ತನ್ನ ಎರಡು ದಾರಿಗಳಲ್ಲಿ ಒಂದನ್ನು ಉದ್ದದ ದಾರಿಯೆಂದು ತೋರಿಸಲು ತನ್ನ ಸಂಖ್ಯೆಯನ್ನೇ ಒಂದೆರಡು ಸಲ ಮತ್ತೆ ಹೇಳುವ ರೂಢಿ ಈ ವೃತ್ತಿಯಲ್ಲಿದೆ. ಕೆಲವು ರೂಟರುಗಳು ಇದಕ್ಕೆ 'ಯಾವ ಸಂಖ್ಯೆ?' ಎಂದು ಕೇಳುತ್ತವೆ. ಅಲ್ಲಿದ್ದ ರೂಟರು ಕೇಳುತ್ತಿದ್ದುದು 'ಎಷ್ಟು ಸಲ?' ಎಂದು. ಕೆಲಸಗಾರ ಅಭ್ಯಾಸಬಲದಿಂದ ೪೭೮೬೮ ಎಂದು ಒತ್ತಿದ. ಯಂತ್ರದ ಆ ಖಾನೆಯಲ್ಲಿ ೨೫೫ಕ್ಕಿಂತ ದೊಡ್ಡ ಅಂಕಿ ಹಿಡಿಯದು. ಅದು ೪೭೮೬೮ನ್ನು ೨೫೬ರಿಂದ ಭಾಗಿಸಿದಾಗ ಉಳಿಯುವ ಶೇಷವಾದ ೨೫೨ನ್ನು ಇಟ್ಟುಕೊಂಡು, ಅಷ್ಟು ಸಲ ತನ್ನ ಹೆಸರನ್ನು ಜಗತ್ತಿಗೆಲ್ಲ ಜಪಿಸಿತು. ಆ ಸಾಲು ಒಬ್ಬರಿಂದೊಬ್ಬರಿಗೆ ದಾಟುತ್ತ ೨೫೫ನ್ನು ಮೀರಿದಾಗ, ಹಳೆಯ ತಂತ್ರಾಂಶವಿದ್ದ ಅನೇಕ ಸಿಸ್ಕೋ ರೂಟರುಗಳು ಅದನ್ನು ಸರಿಯಾಗಿ ನಿಭಾಯಿಸಲಾರದೆ ನೆರೆಯವರೊಡನೆ ಮಾತು ಮುರಿದುಕೊಂಡವು, ಮತ್ತೆ ಕೂಡಿದವು, ಅದೇ ಸಾಲು ಮತ್ತೆ ಬಂತು, ಮತ್ತೆ ಮುರಿದುಕೊಂಡವು. ಚೆಕ್ ದೇಶದ ಒಂದು ಬೆರಳಿನ ತಪ್ಪಿಗೆ ಭೂಮಂಡಲದ ಜಾಲವೆಲ್ಲ ಕೆಲಹೊತ್ತು ಬಿಕ್ಕಳಿಸಿತು. ತಪ್ಪು ಆ ಕೆಲಸಗಾರನದೇ ಎನ್ನುವವರಿದ್ದಾರೆ. ಅಸಂಬದ್ಧವಾದ ಅಂಕಿಯನ್ನು ಮರುಪ್ರಶ್ನೆಯಿಲ್ಲದೆ ನುಂಗಿದ ಯಂತ್ರ, ನಿಯಮದಲ್ಲಿಲ್ಲದ ಎಲ್ಲೆಯನ್ನು ಒಳಗೆ ಕಟ್ಟಿಕೊಂಡ ಇನ್ನೊಂದು ಯಂತ್ರ, ಇವೆರಡನ್ನೂ ಬಿಟ್ಟು ಅವನೊಬ್ಬನನ್ನೇ ದೂರುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ನಮ್ಮ ದೇಶದಲ್ಲಿಯೂ ಇಂಥವು ಆಗಿವೆ. ೨೦೧೫ರ ನವೆಂಬರ್ ೬ರಂದು ಭಾರ್ತಿ ಏರ್‌ಟೆಲ್ಲಿನ ಜಾಲ ತನ್ನದಲ್ಲದ ಹದಿನಾರು ಸಾವಿರಕ್ಕೂ ಹೆಚ್ಚು ವಿಳಾಸಗುಂಪುಗಳನ್ನು ತನ್ನವೆಂದು ಸಾರಿತು. ೨೦೨೧ರ ಏಪ್ರಿಲಿನಲ್ಲಿ ವೊಡಾಫೋನ್ ಐಡಿಯಾದ ಜಾಲ ಮೂವತ್ತು ಸಾವಿರಕ್ಕೂ ಮಿಕ್ಕಿದವನ್ನು. ಇದಕ್ಕೆ ಕಂಡುಕೊಂಡ ಪರಿಹಾರವನ್ನು ಒಕ್ಕಲುತನದ ಮಾತಿನಲ್ಲಿ ಹೇಳುವುದಾದರೆ ಅದು ಹೊಲದ ಉತಾರ ಇದ್ದ ಹಾಗೆ. ಯಾವ ವಿಳಾಸಗಳನ್ನು ಯಾವ ಜಾಲ ಸಾರಬಹುದೆಂಬುದಕ್ಕೆ ಸುಳ್ಳುಮಾಡಲಾಗದ ಸಹಿಯುಳ್ಳ ಪತ್ರವಿರುತ್ತದೆ. ಸಾರಿದ್ದನ್ನು ಕೇಳಿದವನು ಆ ಪತ್ರವನ್ನು ತೆರೆದು ನೋಡಿ ನಂಬಬೇಕು. ಎಲ್ಲರೂ ತೆರೆದು ನೋಡುವುದಿಲ್ಲ ಎಂಬುದೇ ಉಳಿದ ತೊಂದರೆ. ನಮ್ಮ ಕಡೆಯ ಎಷ್ಟೋ ಹೊಲದ ವ್ಯಾಜ್ಯಗಳ ಮೂಲವೂ ಅದೇ ಅಲ್ಲವೆ?

ಇಷ್ಟೆಲ್ಲ ದೊಡ್ಡ ರೂಟರುಗಳ ಮಾತಾಯಿತು. ಮನೆಯ ಮೂಲೆಯಲ್ಲಿ, ಹೆಚ್ಚಾಗಿ ಟೀವಿಯ ಹಿಂದೆ, ಧೂಳು ಹಿಡಿದು ಕುಳಿತ ಮೋಡೆಮ್ ಎಂಬ ಚಿಕ್ಕ ಪೆಟ್ಟಿಗೆಯೂ ಒಂದು ರೂಟರೇ. ಅದರೊಳಗೂ ಒಂದು ಚಿಕ್ಕ ಗಣಕಯಂತ್ರವಿದೆ, ಅದಕ್ಕೂ ದಾರಿಯ ಪಟ್ಟಿಯಿದೆ, ಅದಕ್ಕೂ ಬಾಗಿಲುಗಳಿವೆ. ಬಾಗಿಲುಗಳೆಂದರೆ ಒಂದೆರಡಲ್ಲ, ಜಾಲಕ್ಕೆ ಸೇರಿದ ಪ್ರತಿ ಯಂತ್ರಕ್ಕೂ ಅರವತ್ತೈದು ಸಾವಿರಕ್ಕೂ ಹೆಚ್ಚು ಅಂಕಿತ ಬಾಗಿಲುಗಳು. ಬಹುಪಾಲು ಮುಚ್ಚಿರುತ್ತವೆ. ಅವುಗಳಲ್ಲಿ ೭೫೪೭ ಎಂಬ ಸಂಖ್ಯೆಯದು ಹಿತ್ತಲ ಬಾಗಿಲು. ಗಿರಾಕಿಯ ಮನೆಗೆ ಬರದೆ, ಕಚೇರಿಯಲ್ಲಿ ಕುಳಿತೇ ಮೋಡೆಮನ್ನು ದುರಸ್ತಿ ಮಾಡಲು ಕಂಪನಿಯವರು ಇಟ್ಟುಕೊಂಡದ್ದು. ಉದ್ದೇಶ ಒಳ್ಳೆಯದೇ. ಆದರೆ ಆ ಬಾಗಿಲು ಕಂಪನಿಯವರಿಗೆ ಮಾತ್ರ ತೆರೆಯಬೇಕು, ಜಗತ್ತಿಗೆಲ್ಲ ಅಲ್ಲ.

೨೦೧೭ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಗಿರಾಕಿಗಳ ಮನೆಗಳಲ್ಲಿ ಮೋಡೆಮುಗಳು ಒಂದೊಂದಾಗಿ ನಿಂತವು. ಕೆಂಪು ದೀಪ ಹತ್ತಿಕೊಂಡಿತು, ಜಾಲ ಸಿಗದಾಯಿತು. ತಂತಿ ತುಂಡಾಗಿರಲಿಲ್ಲ, ವಿನಿಮಯ ಕೇಂದ್ರದಲ್ಲಿ ದೋಷವಿರಲಿಲ್ಲ. ಕೆಟ್ಟದ್ದು ಆ ಪೆಟ್ಟಿಗೆಯೇ. ಅಂದಿನ ವರದಿಗಳಲ್ಲಿ ಕೆಟ್ಟ ಮೋಡೆಮುಗಳ ಲೆಕ್ಕ ಎರಡು ಸಾವಿರದಿಂದ ಆರಂಭವಾಗಿ ಅರವತ್ತು ಸಾವಿರದವರೆಗೆ ಏರಿತು. ಕಾರಣ ತಿಳಿದಾಗ ಮಾತ್ರ ನಗಬೇಕೋ ಅಳಬೇಕೋ ತಿಳಿಯದಂಥ ಸ್ಥಿತಿ. ಆ ಮೋಡೆಮುಗಳು ತಯಾರಕರ ಅಂಗಳದಿಂದ ಹೊರಬರುವಾಗ ಅವುಗಳಿಗೆ ಹಾಕಿದ್ದ ಬಳಕೆದಾರನ ಹೆಸರು 'ಅಡ್ಮಿನ್', ಗುಪ್ತಪದವೂ 'ಅಡ್ಮಿನ್'. ಬದಲಾಯಿಸದೆ ಉಳಿದವೆಲ್ಲ ಬಲಿಯಾದವು. ಸಂತೆಯಲ್ಲಿ ಮಾರಿದ ಕೀಲಿಗಳಿಗೆಲ್ಲ ಒಂದೇ ಕೀಲಿಕೈ ಮಾಡಿ, ಅದರ ಅಚ್ಚನ್ನು ಡಬ್ಬಿಯ ಮೇಲೆಯೇ ಮುದ್ರಿಸಿದರೆ ಹೇಗೋ ಹಾಗೆ.

ಅದೇ ವಾರದಲ್ಲಿ, ಜುಲೈ ೨೮ರಂದು, ಜರ್ಮನಿಯ ಕೊಲೋನ್ ನಗರದ ನ್ಯಾಯಾಲಯವೊಂದು ಒಬ್ಬ ಬ್ರಿಟಿಷ್ ಪ್ರಜೆಗೆ ಶಿಕ್ಷೆ ವಿಧಿಸಿದ್ದು ಒಂದು ವಿಚಿತ್ರ ಯೋಗಾಯೋಗ. ೨೦೧೬ರ ನವೆಂಬರಿನಲ್ಲಿ ಡಾಯ್ಚ ಟೆಲಿಕಾಮಿನ ಸುಮಾರು ಒಂಬತ್ತು ಲಕ್ಷ ಗಿರಾಕಿಗಳ ರೂಟರುಗಳನ್ನು ಕೆಡಿಸಿದ ಅಪರಾಧ ಅವನದು. ಅವನೂ ತಟ್ಟಿದ್ದು ಅದೇ ೭೫೪೭ನೆಯ ಬಾಗಿಲನ್ನು. ಅಂದರೆ ಕರ್ನಾಟಕದ ಮೋಡೆಮುಗಳು ಕೆಡುವುದಕ್ಕೆ ಎಂಟು ತಿಂಗಳು ಮೊದಲೇ ಈ ಹಿತ್ತಲ ಬಾಗಿಲಿನ ಅಪಾಯ ಜಗಜ್ಜಾಹೀರಾಗಿತ್ತು.

ಕರ್ನಾಟಕದ ಕೃತ್ಯ ತನ್ನದೆಂದು ಹೇಳಿಕೊಂಡವನು ಬೇರೊಬ್ಬ. ಅವನ ನಿಜನಾಮ ಹೊರಬರಲಿಲ್ಲ. 'ಜಾನಿಟರ್' ಎಂದು, ಅಂದರೆ ಕಸಗುಡಿಸುವವನೆಂದು, ತನ್ನನ್ನು ಕರೆದುಕೊಂಡ. ಅವನು ಬರೆದ ತಂತ್ರಾಂಶಕ್ಕೆ 'ಬ್ರಿಕರ್‌ಬಾಟ್' ಎಂಬ ಹೆಸರು ಬಂದಿತು. ಯಂತ್ರವನ್ನು ಇಟ್ಟಿಗೆಯಾಗಿ ಮಾಡುವಂಥದು ಎಂದರ್ಥ. ಅದು ಜಾಲದಲ್ಲಿ ಅಲೆಯುತ್ತ, ತೆರೆದ ಬಾಗಿಲು ಕಂಡಲ್ಲಿ ಒಳನುಗ್ಗಿ, ಹಳೆಯ ಗುಪ್ತಪದಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒಳಹೊಕ್ಕ ಮೇಲೆ ಆ ಯಂತ್ರದ ಸ್ಮೃತಿಕೋಶದ ಮೇಲೆ ಅರ್ಥವಿಲ್ಲದ ಅಕ್ಷರಗಳನ್ನು ಗೀಚಿ, ದಾರಿಯ ಪಟ್ಟಿಯನ್ನು ಅಳಿಸಿ ಹೊರಡುತ್ತಿತ್ತು. ಕಳ್ಳತನವಿಲ್ಲ, ಹಣದ ಬೇಡಿಕೆಯಿಲ್ಲ. ಇದಕ್ಕೆ ಅವನು ಕೊಟ್ಟ ಸಮರ್ಥನೆ ಯೋಚಿಸತಕ್ಕದ್ದು. ೨೦೧೬ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ ಇಂಥ ದುರ್ಬಲ ಉಪಕರಣಗಳನ್ನೇ ಲಕ್ಷಗಟ್ಟಲೆ ವಶಪಡಿಸಿಕೊಂಡು, ಒಡೆಯರಿಗೆ ಅರಿವಾಗದಂತೆ ಅವುಗಳಿಂದ ಅನ್ಯರ ಮೇಲೆ ದಾಳಿ ಮಾಡಿಸಿತ್ತು. ಅಕ್ಟೋಬರ್ ೨೧ರಂದು ಅಮೇರಿಕೆಯ ಹೆಸರಾಂತ ತಾಣಗಳೆಲ್ಲ ಅದರಿಂದ ಮುಗ್ಗರಿಸಿದ್ದವು. ರೋಗ ಹರಡುವ ಅಂಗವನ್ನು ಕೊಂದರೆ ದೇಹ ಉಳಿಯುತ್ತದೆ, ನಾನು ಕೊಡುತ್ತಿರುವುದು ಕ್ಯಾನ್ಸರಿಗೆ ಕೊಡುವ ಉಗ್ರ ಔಷಧ ಎಂಬುದು ಅವನ ವಾದ. ಒಂದು ಕೋಟಿಗೂ ಹೆಚ್ಚು ಉಪಕರಣಗಳನ್ನು ಕೊಂದೆನೆಂದು ಸಾರಿ ೨೦೧೭ರ ಡಿಸೆಂಬರಿನಲ್ಲಿ ಅವನು ತೆರೆಮರೆಗೆ ಸರಿದ.

ಈ ವಾದಕ್ಕೆ ತಲೆದೂಗಿದವರು ನನ್ನ ಪರಿಚಿತರಲ್ಲಿಯೇ ಇದ್ದಾರೆ. ಒಪ್ಪಲು ನನ್ನಿಂದಾಗದು. ಒಬ್ಬಳು ಮುದುಕಿ ಹಿತ್ತಲ ಬಾಗಿಲಿಗೆ ಅಗುಳಿ ಹಾಕದೆ ಮಲಗುತ್ತಾಳೆನ್ನೋಣ; ಕಳ್ಳರು ಆ ಮನೆಯಲ್ಲಿ ಅಡಗಿ ಊರನ್ನು ದೋಚುತ್ತಾರೆನ್ನೋಣ. ಊರಿನವರು ಅವಳನ್ನು ಎಬ್ಬಿಸಿ ಅಗುಳಿ ಹಾಕಿಸಬೇಕೋ, ಮನೆಗೆ ಬೆಂಕಿ ಇಡಬೇಕೋ? ಆ ಮೋಡೆಮನ್ನು ಕಟ್ಟಿಕೊಂಡಿದ್ದವರು ಅಂಗಡಿಯವರು, ವಿದ್ಯಾರ್ಥಿಗಳು, ದೂರದ ಮಕ್ಕಳ ಮುಖ ನೋಡಲು ಕಾದ ವೃದ್ಧರು. ಅವರಲ್ಲಿ ಎಷ್ಟು ಜನರಿಗೆ ಆ ಪೆಟ್ಟಿಗೆಗೆ ಒಂದು ಗುಪ್ತಪದವಿದೆ ಎಂಬುದಾದರೂ ಗೊತ್ತಿತ್ತು? ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೪೩ ಮತ್ತು ೬೬ನೆಯ ಕಲಮುಗಳ ಪ್ರಕಾರ, ಒಡೆಯನ ಅನುಮತಿಯಿಲ್ಲದೆ ಅಪ್ರಾಮಾಣಿಕ ಬುದ್ಧಿಯಿಂದ ಗಣಕಯಂತ್ರವನ್ನೋ ಜಾಲವನ್ನೋ ಕೆಡಿಸುವುದು ಅಪರಾಧ. ಕೆಡಿಸಿದವನು ವೈದ್ಯನ ವೇಷದಲ್ಲಿ ಬಂದನೆಂಬ ಕಾರಣಕ್ಕೆ ನಷ್ಟವೇನೂ ಕಡಿಮೆಯಾಗಲಿಲ್ಲ.

ಆದರೂ ಅವನ ಮಾತಿನ ಒಂದು ಭಾಗ ನನ್ನನ್ನು ಚುಚ್ಚುತ್ತಲೇ ಇದೆ. ದಾಳಿಯ ಅನಂತರ ಗಿರಾಕಿಗಳಿಗೆ ದೊರೆತ ಉಪದೇಶ 'ಗುಪ್ತಪದ ಬದಲಾಯಿಸಿರಿ' ಎಂಬುದು. ಹೊರೆಯೆಲ್ಲ ಮುದುಕಿಯ ತಲೆಯ ಮೇಲೆಯೇ. ಒಂದೇ ಕೀಲಿಕೈಯ ಕೀಲಿ ಮಾಡಿದ ಕಮ್ಮಾರನನ್ನು, ಹಿತ್ತಲ ಬಾಗಿಲನ್ನು ಬೀದಿಗೆ ತೆರೆದಿಟ್ಟ ಮೇಸ್ತ್ರಿಯನ್ನು ಕೇಳುವವರಾರು? ಈ ಪ್ರಶ್ನೆ ಈಚೆಗೆ ಕಾನೂನಿನ ಬಾಯಿಂದ ಬರತೊಡಗಿದೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ೨೦೨೦ರ ಆರಂಭದಿಂದಲೂ, ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್ ೨೯ರಿಂದಲೂ, ಎಲ್ಲ ಉಪಕರಣಗಳಿಗೂ ಒಂದೇ ಸುಲಭ ಗುಪ್ತಪದ ಹಾಕಿ ಮಾರುವುದಕ್ಕೆ ತಡೆಯಿದೆ. ನಮ್ಮ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರ ೨೦೨೧ರಲ್ಲಿ ಹೊರಡಿಸಿದ ಆಚಾರಸಂಹಿತೆಯ ಮೊದಲ ಸೂತ್ರವೂ ಅದೇ. ರೂಟರುಗಳನ್ನೂ ಮನೆಯ ವೈಫೈ ಪೆಟ್ಟಿಗೆಗಳನ್ನೂ ಭದ್ರತೆಯ ದೃಷ್ಟಿಯಿಂದ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ಕೇಂದ್ರ ಸರಕಾರ ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರಕ್ಕೆ ಒಪ್ಪಿಸಿದೆ.

ಇದೆಲ್ಲ ಹೊಸದಾಗಿ ಮಾರುವ ಪೆಟ್ಟಿಗೆಗಳ ಮಾತು. ಹಳೆಯವು ಇನ್ನೂ ಮನೆಗಳಲ್ಲಿವೆ. ತಯಾರಕರು ಒಂದು ಮಾದರಿಯನ್ನು ಕೈಬಿಟ್ಟರೆಂದರೆ ಅದರ ತಂತ್ರಾಂಶದಲ್ಲಿ ಮುಂದೆ ಕಂಡ ಲೋಪಗಳಿಗೆ ತೇಪೆ ಹಾಕುವವರಿಲ್ಲ. ಪೆಟ್ಟಿಗೆ ಮಾತ್ರ ಹಸಿರು ದೀಪ ಹೊತ್ತಿಸಿಕೊಂಡು ವರ್ಷಾನುಗಟ್ಟಲೆ ನಡೆಯುತ್ತಲೇ ಇರುತ್ತದೆ. ಕೆಟ್ಟರೆ ತಾನೆ ಯಾರಾದರೂ ಅದರ ಕಡೆಗೆ ನೋಡುವುದು. ಆದುದರಿಂದ ನಮ್ಮೂರಿನಲ್ಲಿ ಯಾರ ಮನೆಗಾದರೂ ಹೊಸ ಸಂಪರ್ಕ ಬಂತೆಂದರೆ ನಾನು ಮೂರು ಮಾತು ಹೇಳುತ್ತೇನೆ. ತಂತಿ ಎಳೆಯಲು ಬಂದ ಹುಡುಗನನ್ನು ಚಹಾ ಕುಡಿಸುವ ಮೊದಲೇ ಕೇಳಿರಿ: ವೈಫೈಯ ಗುಪ್ತಪದ ಬೇರೆ, ಪೆಟ್ಟಿಗೆಯದೇ ಗುಪ್ತಪದ ಬೇರೆ, ಈ ಎರಡನೆಯದನ್ನು ನಮ್ಮೆದುರಿಗೇ ಬದಲಾಯಿಸಿ ಕೊಡುವೆಯಾ? ಹೊರಗಿನಿಂದ ಪೆಟ್ಟಿಗೆಯೊಳಗೆ ಬರುವ ದಾರಿ ಮುಚ್ಚಿದೆಯೇ? ಇದರ ತಂತ್ರಾಂಶ ಕಡೆಯ ಸಲ ಯಾವಾಗ ಹೊಸದಾಯಿತು? ಮೊದಲನೆಯದನ್ನು ಅವನು ಮಾಡಿಕೊಡಬಲ್ಲ. ಎರಡನೆಯದಕ್ಕೆ ಅವನು ತನ್ನ ಮೇಲಿನವರಿಗೆ ಫೋನು ಮಾಡಬೇಕಾಗಬಹುದು, ಮಾಡಲಿ, ಕಾಯೋಣ. ಹೊಸ ಗುಪ್ತಪದವನ್ನು ಪಡಿಕೋಣೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟರೂ ಚಿಂತೆಯಿಲ್ಲ. ದೂರದೇಶದಿಂದ ಬಾಗಿಲು ತಟ್ಟುವವನಿಗೆ ಅಮ್ಮಿನಬಾವಿಯ ಆ ಕ್ಯಾಲೆಂಡರು ಕಾಣಿಸುವುದಿಲ್ಲ.